ಎಣಿಸಿ ಬರೆಯಿರಿ

ಸುಪ್ರಿತಾ ಬಚ್ಚಲಿಗೆ ಓಡಿ ಬರುವಷ್ಟರಲ್ಲಿ ಮೊದಲ ಅಧ್ಯಾಯದ ಒಂಬತ್ತು ಹಾಳೆ ಬೂದಿಯಾಗಿತ್ತು. ಹಂಡೆಯ ಒಲೆಯ ಮುಂದೆ ಅಮ್ಮ ಹರಿಣಾಕ್ಷಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಹತ್ತನೆಯ ಹಾಳೆ.

"ಎಂತ ಮಾಡಿದ್ರಿ ಅಮ್ಮ? ಅದು ನನ್ನ ಪುಸ್ತಕ!"

"ಸುಳ್ಳು ಸುಡ್ಲಿಕ್ಕೇ ಆಗುದು." ಹತ್ತನೆಯದೂ ಒಲೆಗೆ ಹೋಯಿತು.

ಸುಪ್ರಿತಾಳಿಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ಅಪ್ಪ ಹೋಗಿ ಮೂವತ್ತೊಂದು ವರ್ಷವಾದರೂ ಅಮ್ಮನ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ. ಬಿಟ್ಟುಹೋದ ಗಂಡನ ಮೇಲೆ ಇನ್ನೂ ಎಂಥ ಮಮಕಾರವೋ!

"ಅವರು ಈಗ ಬಂದ್ರೆ ನೀವು ಬಾಗಿಲು ತೆಗೀತೀರಾ?"

"ಬಂದವರಿಗೆ ಬಡಿಸದೆ ಇರ್ಲಿಕ್ಕೆ ಆಗ್ತದಾ?" ಎಂದಳು ಅಮ್ಮ, ಬೆಂಕಿ ಮುಂದೆ ದೂಡುತ್ತ.

ಸುಟ್ಟುಹೋದ ಪುಸ್ತಕದ ಮೊದಲ ವಾಕ್ಯ ಸುಪ್ರಿತಾಳಿಗೆ ಬಾಯಿಪಾಠ: 'ನನಗೆ ಒಂಬತ್ತು ವರ್ಷವಾದಾಗ ಅಪ್ಪ ನಮ್ಮನ್ನು ಬಿಟ್ಟು ಓಡಿಹೋದ.' ಶಾಲೆಯಲ್ಲಿ, ಮದುವೆ ಮಂಟಪದಲ್ಲಿ, ಗಂಡನ ಮನೆಯಲ್ಲಿ ಅವಳು ಓಡಿಹೋದವನ ಮಗಳಾಗಿಯೇ ಉಳಿದಿದ್ದಳು. ಆ ಮನುಷ್ಯ ಎಲ್ಲಿದ್ದರೂ ಈ ಪುಸ್ತಕ ಓದಬೇಕು, ಓದಿ ನಾಚಬೇಕು. ಅಷ್ಟಕ್ಕಾಗಿಯೇ ಅವಳು ಪುತ್ತೂರಿನಲ್ಲಿ ಭಾನುವಾರದ ಆತ್ಮಕಥನ ತರಗತಿಗೆ ಸೇರಿದ್ದು.

ಕಾಣಿಯೂರಿನ ಈ ತವರಿನಲ್ಲಿ ಅವಳಿಗಿದ್ದ ಒಂದೇ ಬೆಂಬಲ ಅಮ್ಮನ ಅಣ್ಣ, ತ್ಯಾಂಪಣ್ಣ ಮಾವ. ಅಪ್ಪ ಇದೇ ಮನೆಯಲ್ಲಿ ಮನೆಯಳಿಯನಾಗಿದ್ದಾಗ ಭಾವಂದಿರಿಬ್ಬರದು ಎಣ್ಣೆ ಸೀಗೆಕಾಯಿ. ಆದರೂ ಅಪ್ಪ ಹೋದ ಮೇಲೆ ತಾಯಿ ಮಗಳನ್ನು ಸಾಕಿದ್ದು ಮಾವನೇ.

"ನೀನು ಬರಿ ಮಾರಾಯ್ತಿ," ಎಂದ ಮಾವ, ಜಗಲಿಯಲ್ಲಿ ಅಡಿಕೆ ಜಗಿಯುತ್ತ. "ಆಟಿ ಸಂಕ್ರಾಂತಿಯ ಹಿಂದಿನ ದಿನ. ಸಂಪಾಜೆಯಲ್ಲಿ ನಿನ್ನ ಅಪ್ಪ ಮಡಿಕೇರಿ ಬಸ್ಸು ಹತ್ತುದನ್ನು ನಾನು ಕಣ್ಣಾರೆ ಕಂಡದ್ದು. ಕೈಯಲ್ಲಿ ಕಪ್ಪು ಬ್ಯಾಗು. ನನ್ನ ಹೆಸರು ಹಾಕಿಯೇ ಬರಿ. ಪುಸ್ತಕದಲ್ಲಿ ಬಂದದ್ದನ್ನು ಯಾರೂ ಅಲ್ಲ ಹೇಳುದಿಲ್ಲ."

ತರಗತಿ ನಡೆಸುವ ಭವಿತಾ ಮಾತ್ರ ಅಲ್ಲ ಎಂದಳು.

"ಬಸ್ಸು ನೀವು ನೋಡಿದ್ದಲ್ಲ ಅಲ್ವಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಕಾಣದ್ದನ್ನೇ ಮೊದಲ ಪುಟದಲ್ಲಿ ಹಾಕಿದ್ದೀರಿ. ಸುಟ್ಟದ್ದು ಒಳ್ಳೆದೇ ಆಯ್ತು. ಅಪ್ಪನ ಬಗ್ಗೆ ಸಿಟ್ಟು ಬಿಟ್ಟು ಬೇರೆ ಎಂತ ನೆನಪುಂಟು?"

ಸುಪ್ರಿತಾ ಯೋಚಿಸಿದಳು. "ಕೋಳಿ ತಿಂತಿರ್ಲಿಲ್ಲ. ಊಟದ ಎಲೆಗೆ ಕೋಳಿ ಸಾರಿನ ಒಂದು ಹನಿ ತಾಗಿದ್ರೂ ಎದ್ದು ಹೋಗುದು. ಮನೆಯವರೆಲ್ಲ ತಮಾಷೆ ಮಾಡುದು."

"ಹಾಗೆ ಬರೆಯಿರಿ. ಮುಂದಿನ ವಾರಕ್ಕೆ ಆ ಒಂಬತ್ತರ ವಯಸ್ಸಿನಲ್ಲಿ ಕಂಡ ಒಂದೇ ಒಂದು ಕೋಣೆ. ಭಾವನೆ ಬೇಡ. ಎಷ್ಟು ಕಿಟಕಿ, ಎಷ್ಟು ಮಣೆ, ಎಣಿಸಿ ಬರೆಯಿರಿ."

ಸುಪ್ರಿತಾ ಬರೆದದ್ದು ಆಟಿಯ ಕೋಣೆಯನ್ನು. ಆಟಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ಒಂದು ಸಂಜೆ ಮನೆಯ ಸತ್ತವರಿಗೆ ಬಡಿಸುವುದು ಈ ಕಡೆಯ ಕ್ರಮ. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ, ಅವರವರಿಗೆ ಇಷ್ಟವಾದದ್ದು. ಹಿರಿಯನೊಬ್ಬ ಹೆಸರು ಹಿಡಿದು ಕರೆಯುತ್ತಾನೆ, ಆಮೇಲೆ ಬಾಗಿಲು ಎಳೆದು ಹೊರಗೆ ಕಾಯುತ್ತಾರೆ. ಈ ಮನೆಯಲ್ಲಿ ಮಕ್ಕಳು ಆ ಕೋಣೆಗೆ ಹೋಗುವಂತಿರಲಿಲ್ಲ. ಸುಪ್ರಿತಾ ಒಂದೇ ಒಂದು ಸಲ ಇಣುಕಿ, ಮಾವನ ಕೈಯಿಂದ ಕೆನ್ನೆಗೆ ಪೆಟ್ಟು ತಿಂದಿದ್ದಳು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಮದುವೆಯಾಗಿ ಪುತ್ತೂರಿಗೆ ಹೋದ ಮೇಲಂತೂ ಬಡಿಸಿದ ನಂತರದ ಊಟಕ್ಕೆ ಮಾತ್ರ ಬರುವಳು.

ತರಗತಿಯಲ್ಲಿ ಓದಿದಳು. ಒಂದು ಕಿಟಕಿ. ಎರಡು ದೀಪ. ಏಳು ಎಲೆ. ಮಾವ ಕರೆದದ್ದು: ಅಜ್ಜ, ಅಜ್ಜಿ, ದೊಡ್ಡಜ್ಜ, ಎಳವೆಯಲ್ಲೇ ಹೋದ ಇಬ್ಬರು ಚಿಕ್ಕಮ್ಮಂದಿರು, ಕುಕ್ಕಪ್ಪ ಮಾವ.

"ಹೆಸರು ಆರು, ಎಲೆ ಏಳು," ಎಂದಳು ಭವಿತಾ. "ಎಣಿಕೆ ತಪ್ಪಿದ್ಯಾ?"

ಸುಪ್ರಿತಾಳಿಗೆ ಅವಮಾನವಾಯಿತು. ಗಣಿತದ ಟೀಚರ್ ಅವಳು. ಎರಡು ಗೆರೆ ಎಳೆದು ಏಳನ್ನು ಆರು ಮಾಡಿದಳು. ಮನಸ್ಸು ಒಪ್ಪಲಿಲ್ಲ, ಮತ್ತೆ ಏಳು ಮಾಡಿದಳು. ಪ್ರಮಾಣಿಸಿಯೇ ಬಿಡೋಣ ಎಂದುಕೊಂಡಳು.

ಆ ಶುಕ್ರವಾರ ಕಾಣಿಯೂರಿನಲ್ಲಿ ಬಡಿಸುವ ದಿನ. ಅವಳು ಮಧ್ಯಾಹ್ನವೇ ಹೋದಳು. ಅಮ್ಮನಿಗೆ ಮಂಡಿನೋವು, ಬಗ್ಗಿ ಏಳಲು ಇನ್ನೊಂದು ಕೈ ಬೇಕಿತ್ತು.

"ಇವಳು ಯಾಕೆ ಒಳಗೆ?" ಎಂದ ಮಾವ.

"ಇರ್ಲಿ ಅಣ್ಣ. ನಾನು ಹೋದ ಮೇಲೆ ಯಾರಿಗೆ ಎಂತ ಬಡಿಸುದು ಅಂತ ಇವಳಿಗೆ ಗೊತ್ತಿರ್ಬೇಕಲ್ಲ," ಎಂದಳು ಅಮ್ಮ. ಹಾಗೆ ಮಾವನಿಗೆ ಎದುರು ಮಾತಾಡಿದ್ದನ್ನು ಸುಪ್ರಿತಾ ಎಂದೂ ಕೇಳಿರಲಿಲ್ಲ.

ಅಮ್ಮ ಎಲೆ ಹಾಸಿದಳು. ಸುಪ್ರಿತಾ ಎಣಿಸಿದಳು. ಏಳು. ಸದ್ಯ, ತನ್ನ ನೆನಪು ಸರಿಯಾಗಿಯೇ ಇತ್ತು. ಅವಳಿಗೆ ಖುಷಿಯೇ ಆಯಿತು.

ಮಾವ ಆರು ಹೆಸರು ಕರೆದ. ಒಂದೊಂದು ಹೆಸರಿಗೆ ಅಮ್ಮ ಒಂದೊಂದು ಎಲೆಗೆ ರೊಟ್ಟಿ ಇಟ್ಟು ಕೋಳಿ ಸಾರು ಸುರಿದಳು. ಏಳನೆಯ ಎಲೆ ಬಂತು. ಮಾವ ಬಾಯಿ ತೆರೆಯಲಿಲ್ಲ, ಗೋಡೆ ನೋಡಿದ. ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಕೈಯನ್ನು ಎರಡು ಸಲ ತೊಳೆದು ಸೆರಗಿಗೆ ಒರೆಸಿಕೊಂಡಳು. ಬೇರೆಯದೇ ಪಾತ್ರೆಯಿಂದ ಕೆಸುವಿನ ಪತ್ರೊಡೆ ತೆಗೆದು, ಸಾರಿನ ಒಂದು ಹನಿಯೂ ತಾಗದ ಹಾಗೆ, ಎಲೆಯ ನಡುವೆ ಇಟ್ಟಳು. ಆಮೇಲೆ ತಲೆ ಎತ್ತಿ ಮಗಳನ್ನು ನೋಡಿದಳು.

ಅಪ್ಪ ಬಸ್ಸು ಹತ್ತಿದನೆಂಬ ದಿನದಿಂದ ಹದಿನೆಂಟನೆಯ ದಿನ, ಇಣುಕಿ ಪೆಟ್ಟು ತಿಂದ ಆ ಸಂಜೆಯೇ, ಅವಳು ಎಣಿಸಿದ್ದು ಏಳು ಎಲೆ.