ಬಿಜಲಿಯ ನಾಡಿ

"ಎಪ್ಪತ್ತಾರು," ಎಂದು ಡಾಕ್ಟರ್ ಸುನಂದಾ ಕುದುರೆಯ ಎದೆಯಿಂದ ಸ್ಟೆತಸ್ಕೋಪ್ ತೆಗೆದರು. "ಅರವತ್ನಾಲ್ಕಕ್ಕ ಇಳೀಬೇಕ್ರಿ. ಇನ್ನ ಒಂಬತ್ತು ನಿಮಿಷ ಐತಿ, ನೋಡ್ರಿ."

ಹಳಿಯಾಳದಿಂದ ಕೋಗಿಲಬನದ ಈ ಬಯಲಿನವರೆಗೆ ನಲವತ್ತು ಕಿಲೋಮೀಟರ್ ಓಡಿ ಬಂದರೂ ಸ್ಪರ್ಧೆ ಮುಗಿದಿರಲಿಲ್ಲ. ದೂರದ ಸವಾರಿಯಲ್ಲಿ ಗೆರೆ ದಾಟಿದರೆ ಸಾಲದು. ದಾಟಿದ ಇಪ್ಪತ್ತು ನಿಮಿಷದೊಳಗೆ ಕುದುರೆಯ ನಾಡಿ ಇಳಿಯಬೇಕು. ಇಳಿಯದಿದ್ದರೆ ಓಡಿದ್ದೆಲ್ಲ ನೀರಿನಲ್ಲಿ ಹೋಮ. ಪುಣೆ, ಗೋವಾದಿಂದ ಬಂದ ಕುದುರೆಗಳು ಪಾಸಾಗಿ ಆಗಲೇ ದೂರದ ಮರಗಳ ನೆರಳಲ್ಲಿ ಹುಲ್ಲು ತಿನ್ನುತ್ತಿದ್ದವು. ಕೊನೆಗೆ ಉಳಿದದ್ದು ದಾಂಡೇಲಿಯ ಮಲಕಪ್ಪನ ಬಿಜಲಿ. ಅದನ್ನು ಓಡಿಸಿಕೊಂಡು ಬಂದವಳು ಅವನ ಮಗಳು ಮಧುಮತಿ.

ತಂದೆ ಮಗಳು ಸೇರಿ ಬಿಜಲಿಯ ಕುತ್ತಿಗೆಗೆ ನೀರು ಸುರಿದರು, ಬೆನ್ನು ಒರೆಸಿದರು. ಅದು ಮಾತ್ರ ತಲೆ ಎತ್ತಿಕೊಂಡೇ ಇತ್ತು. ಕಿವಿಗಳನ್ನು ಆ ಕಡೆ ಈ ಕಡೆ ತಿರುಗಿಸುತ್ತಿತ್ತು, ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು.

"ಕಾಲು ನೋಡೇನಿ, ಛಲೋ ಅದಾವು. ಉಸುರೂ ಇಳದೈತಿ," ಎಂದರು ಡಾಕ್ಟರು. "ಎದಿ ಯಾಕ ಇಳೀವಲ್ದು? ಏನರ ಅಂಜೈತೇನ್ರಿ?"

ಮಲಕಪ್ಪ ಕುದುರೆಯ ಕುತ್ತಿಗೆಗೆ ಮತ್ತೆ ನೀರು ಸುರಿದ. ಬಿಜಲಿ ಪಾಸಾದರೆ ನದಿ ದಂಡೆಯ ರೆಸಾರ್ಟಿನವರು ಅದಕ್ಕೆ ಲಾಯ, ಮಧುಮತಿಗೆ ಸವಾರಿ ಕಲಿಸುವ ಕೆಲಸ ಕೊಡುವುದಾಗಿ ಹೇಳಿದ್ದರು. ಆಗದಿದ್ದರೆ ಸೋಮವಾರ ದಲ್ಲಾಳಿ ಬರುವವನಿದ್ದ. ಆ ದಲ್ಲಾಳಿ ಒಯ್ದ ಕುದುರೆಗಳು ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಧುಮತಿ ಅಪ್ಪನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ಅಪ್ಪಾ, ಇದು ಅಂಜಿಲ್ಲ. ಹಲಗಿ ಹುಡುಕಾಕತ್ತೈತಿ."

"ಸುಮ್ನಿರು!" ಮಲಕಪ್ಪ ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದ.

ಹನ್ನೊಂದು ವರ್ಷದಿಂದ ಬಿಜಲಿ ಮದುವೆ ಕುದುರೆ. ಈಗ ವರರೆಲ್ಲ ತೆರೆದ ಜೀಪು ಹತ್ತತೊಡಗಿ ಕರೆಯುವವರೇ ಇಲ್ಲದಂತಾಗಿತ್ತು, ಆ ಮಾತು ಬೇರೆ. ಮಲಕಪ್ಪ ಅರ್ಜಿಯಲ್ಲಿ 'ಸವಾರಿ ಕುದುರೆ' ಎಂದು ಬರೆಸಿದ್ದ. ಹಣೆಯ ಕನ್ನಡಿ ಬಿಚ್ಚಿದ್ದ, ಬಣ್ಣ ಹಚ್ಚಿದ್ದ ಬಾಲದ ತುದಿಯನ್ನು ಕತ್ತರಿಸಿದ್ದ. ಬೆಳಿಗ್ಗೆ ಸ್ವಾಗತಕ್ಕೆಂದು ಹಲಗೆ ಬಾರಿಸುವ ಮೇಳದವರು ಬಂದಿದ್ದನ್ನು ಕಂಡು, "ಕುದುರಿ ಬೆದರ್ತಾವ, ಬಾರಸಬ್ಯಾಡ್ರಿ" ಎಂದು ಕೈಮುಗಿದು ಚಹಾ ಕುಡಿಯಲು ಊರಿಗೆ ಸಾಗಹಾಕಿದವನೂ ಅವನೇ. ಹಲಗೆ ಕೇಳಿದರೆ ಬಿಜಲಿ ಮೈ ತೂಗುತ್ತದೆ, ಗುಟ್ಟು ರಟ್ಟಾಗುತ್ತದೆ, ಪುಣೆಯವರು ನಗುತ್ತಾರೆ. ಅವನ ಭಯ ಅಷ್ಟೇ.

ಬಿಜಲಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ಅದು ಕಲಿತದ್ದೇ ಬೇರೆ. ಒಂದೇ ಕಡೆ ಹಲಗೆ ಬಡಿಯುತ್ತಿದೆ ಎಂದರೆ ಮುಂದೆ ವರನ ಗೆಳೆಯರು ಕುಣಿಯುತ್ತಿದ್ದಾರೆ, ತಾನು ನಿಂತಲ್ಲೇ ತೂಕಡಿಸಬಹುದು. ಹಲಗೆ ನಿಂತಿತು ಎಂದರೆ ಮೆರವಣಿಗೆ ಹೊರಟಿತು, ತಾನೂ ಹೊರಡಬೇಕು. ಈ ಬಯಲಿನ ಮೌನದಲ್ಲಿ ಪಾಪ, ಅದು ಹೊರಡಲು ಸಿದ್ಧವಾಗಿಯೇ ನಿಂತಿತ್ತು.

"ಎಪ್ಪತ್ತು," ಎಂದರು ಡಾಕ್ಟರು. "ನಾಲ್ಕು ನಿಮಿಷ."

"ನಲವತ್ತು ಕಿಲೋಮೀಟರ್ ಓಡಾಕ ಅದಕ್ಕ ನಾಚಿಕಿ ಆಗಲಿಲ್ಲ, ಅಪ್ಪಾ," ಎಂದಳು ಮಧುಮತಿ. ಅವಳ ಕಣ್ಣು ತುಂಬಿದ್ದವು. "ನಿನಗ್ಯಾಕ?"

ಮಲಕಪ್ಪ ಮಗಳ ಮುಖ ನೋಡಲಾರದೆ ಕಬ್ಬಿಣದ ಬಕೆಟ್ಟನ್ನು ನೋಡಿದ. ಆಮೇಲೆ ಅದರ ನೀರು ಚೆಲ್ಲಿ, ಬೋರಲು ಹಾಕಿ, ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲ ಪೆಟ್ಟು ಅಂಜುತ್ತಂಜುತ್ತ ಬಿತ್ತು. ಮರದ ಕೆಳಗಿದ್ದವರು ತಿರುಗಿ ನೋಡಿದರು, ಒಬ್ಬ ನಕ್ಕ. ಮಲಕಪ್ಪ ಕಣ್ಣು ಮುಚ್ಚಿಕೊಂಡು ಬಡಿಯತೊಡಗಿದ, ದಾಂಡೇಲಿ, ಹಳಿಯಾಳದ ಓಣಿಗಳಲ್ಲಿ ಹನ್ನೊಂದು ವರ್ಷ ಕೇಳಿದ ಅದೇ ಬಡಿತವನ್ನು.

ಬಿಜಲಿಯ ಕಿವಿ ಅವನ ಕಡೆ ತಿರುಗಿ ಅಲ್ಲೇ ನಿಂತವು. ಮೈ ಒಮ್ಮೆ ತೂಗಿತು. ತಲೆ ಸ್ವಲ್ಪ ಸ್ವಲ್ಪವೇ ಕೆಳಗಿಳಿದು, ಕೆಳದುಟಿ ಜೋತುಬಿದ್ದು, ಹಿಂಗಾಲೊಂದು ಸಡಿಲವಾಯಿತು.

"ಸ್ವಲ್ಪ ಸಣ್ಣಗ ಬಾರಸ್ರಿ, ಮಾರಾಯರ! ಎದಿ ಬಡಿತ ನನಗೂ ಕೇಳಬೇಕಲ್ಲ?" ಎಂದು ಡಾಕ್ಟರು ಗಡಿಯಾರ ನೋಡುತ್ತ ಎಣಿಸಿದರು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದರು. "ಐವತ್ತೆಂಟು. ಪಾಸ್! ಇದೆಂಥಾ ಕುದುರೀರಿ, ಮಲಕಪ್ಪನವರ?"

"ಮದುವಿ ಕುದುರಿರೀ," ಎಂದ ಮಲಕಪ್ಪ. ಈ ಸಲ ಸುತ್ತ ನೋಡಲಿಲ್ಲ. "ಆ ಕಾಗದದಾಗೂ ಹಂಗ ತಿದ್ದಿಬಿಡ್ರಿ."

ಮಧುಮತಿ ಲಗಾಮು ಹಿಡಿದು ಎಳೆದಳು. ಬಿಜಲಿ ಕದಲಲಿಲ್ಲ. ಮುಗಿತಾಯದ ಕಮಾನಿನ ಕಡೆ, ಅದೇ ಮದುವೆ ಮನೆಯ ಬಾಗಿಲೆಂಬಂತೆ ಮುಖ ಮಾಡಿ ಏನನ್ನೋ ಕಾಯುವಂತೆ ನಿಂತೇ ಇತ್ತು.

"ಆರತಿ ಆಗದ ಅದು ಬಾಗಲಾ ಬಿಡಂಗಿಲ್ಲವಾ," ಎಂದ ಮಲಕಪ್ಪ.

ಅವನು ಕಂಡ ಆರತಿಗಳು ಒಂದೆರಡಲ್ಲ. ಅಷ್ಟೂ ಬೆನ್ನ ಮೇಲೆ ಕೂತವನಿಗೆ ಆದವು. ಕೆಳಗೆ ನಿಂತಿದ್ದ ಬಿಜಲಿಗೆ ಒಂದೂ ಆಗಿರಲಿಲ್ಲ. ಅವನು ತಂಬಿಗೆಯಲ್ಲಿ ನೀರು ತಂದು ಕುದುರೆಯ ಮುಖದ ಸುತ್ತ ಮೂರು ಸಲ ನಿವಾಳಿಸಿದ. ಆಮೇಲೆ, ಮೊಣಕಾಲವರೆಗೆ ಕೆಂಪು ಧೂಳು ಮೆತ್ತಿಕೊಂಡು ನಿಂತಿದ್ದ ಮಗಳ ಮುಖದ ಸುತ್ತಲೂ ಮೂರು ಸಲ ನಿವಾಳಿಸಿ, ನೀರನ್ನು ಪಕ್ಕಕ್ಕೆ ಚೆಲ್ಲಿದ.

ಬಿಜಲಿ ಹೆಜ್ಜೆ ಎತ್ತಿತು.