ತಂಗಿಯ ತೊಡೆಯ ಚರ್ಮ

ತುರಿಕೆಯೆಂದು ತೋರಿಸಲು ಬಂದಿದ್ದ ತಂಗಿಯ ತೊಡೆಯ ಕಲೆಯ ಮೇಲೆ ಡಾಕ್ಟರ ಬೆರಳು ನಿಂತಿತು. "ಇದು ಸುಟ್ಟ ಗಾಯ ಅಲ್ಲಮ್ಮ. ಸುಟ್ಟಿದ್ರೆ ಅಂಚು ಇಷ್ಟು ನೇರ ಇರಲ್ಲ. ಇಲ್ಲಿಂದ ಚರ್ಮದ ಮೇಲ್ಪದರ ತೆಗೆದಿದ್ದಾರೆ. ಆಮೇಲೆ ಕೂದಲ ಬುಡದಲ್ಲಿ ಉಳಿದಿದ್ದ ಜೀವಕೋಶಗಳೇ ಮೇಲೆ ಹರಡಿ ಗಾಯ ಮುಚ್ಚಿವೆ."

ತಂಗಿ ನಕ್ಕಳು. "ಇಲ್ಲ ಡಾಕ್ಟ್ರೇ, ಚಿಕ್ಕವಳಿದ್ದಾಗ ನಾನೇ ಬಿಸಿನೀರಿನ ಪಾತ್ರೆ ಎಳೆದು ಇಬ್ಬರ ಮೇಲೂ ಚೆಲ್ಲಿದ್ದು. ಅಮ್ಮ ಇವತ್ತಿಗೂ ಹೇಳ್ತಿರ್ತಾರೆ." ಪಕ್ಕದಲ್ಲಿ ಕೂತಿದ್ದ ಅವಳಿ ಅಕ್ಕನ ಸುಟ್ಟ ಕೆನ್ನೆಗೆ ಕೂರಿಸಿದ್ದ ಚರ್ಮದ ತೇಪೆಯನ್ನು ಡಾಕ್ಟರು ನೋಡಿದರು. "ನೀವಿಬ್ಬರೂ ತದ್ರೂಪಿ ಅವಳಿಗಳಲ್ವಾ? ಒಬ್ಬರ ಚರ್ಮಾನ ಇನ್ನೊಬ್ಬರ ಮೈ ತನ್ನದೇ ಅಂತ ಒಪ್ಕೊಳ್ಳುತ್ತೆ."

ಅಕ್ಕನ ಅಂಗೈ ತಟ್ಟನೆ ಕೆನ್ನೆಯನ್ನು ಮುಚ್ಚಿತು. ಆ ಕೆನ್ನೆ ಕಂಡಾಗಲೆಲ್ಲ ತಂಗಿ ಬಾಯಿ ಹೊಲಿದುಕೊಂಡು ಬಿಟ್ಟುಕೊಟ್ಟಿದ್ದಳು. ಕಿಟಕಿ ಪಕ್ಕದ ಮಂಚವನ್ನು ಬಿಟ್ಟುಕೊಟ್ಟಳು. ತನ್ನನ್ನೇ ಮೆಚ್ಚಿ ಕೇಳಿಕೊಂಡು ಬಂದ ಹುಡುಗನನ್ನೂ, ಅಕ್ಕನ ಮುಖ ಸುಟ್ಟವಳು ನಾನಲ್ಲವೇ ಎಂದುಕೊಂಡು, ಅಕ್ಕನಿಗೇ ಬಿಟ್ಟಳು.

"ಹಾಗಾದ್ರೆ ನೀರು ಚೆಲ್ಲಿದ್ದು ಯಾರು?" ಅವಳು ಅಕ್ಕನನ್ನು ಕೇಳಿದಳು.

"ಅಮ್ಮನ ಕೈ ಜಾರಿತ್ತು ಕಣೇ. ನೀನು ಅಲ್ಲಿರಲೇ ಇಲ್ಲ." ಅಕ್ಕ ನೆಲದಿಂದ ಕಣ್ಣೆತ್ತಲಿಲ್ಲ. "ನನ್ನ ಮದುವೆಗೆ ಮುಂಚೆ ಹೇಳಿದ್ರು."