ಎರಡು ಬಾಗಿಲ ಸಭಾತ್ಯಾಗ

"ಸಭಾಪತಿಗಳೇ, ಇದು ನಿಯಮಕ್ಕೆ ವಿರುದ್ಧ!" ಎಂದು ಮರ್ಲ್ ಕೊವಾಲ್ಸ್ಕಿ ಆ ಬೆಳಿಗ್ಗೆ ಒಂಬತ್ತನೆಯ ಸಲ ಕುರ್ಚಿ ಹತ್ತಿ ನಿಂತ.

"ನಿಯಮ ನೀನು ಓದಿದ್ದು ಯಾವಾಗಪ್ಪಾ?" ಎಂದು ಎದುರು ಸಾಲಿನಿಂದ ಆರ್ಲಿಸ್ ಟ್ವೆಟ್ ಕೂಗಿದಳು. "ನಿನ್ನ ಹಿಮ ತೆಗೆಯೋ ಮೆಷಿನ್ ಹೇಗೆ ಓಡ್ಸೋದು ಅಂತ ಪುಸ್ತಕ ಹಿಡಿದು ನಾನೇ ಓದಿ ಹೇಳ್ಬೇಕಾಯ್ತು!"

ಲಾರ್ಕಿನ್ ಕೌಂಟಿಯ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ ಪಕ್ಷದ ಸಭೆ ಸೇರಿ ಮೂರು ಗಂಟೆಯಾಗಿತ್ತು. ಅಷ್ಟು ಹೊತ್ತಿನಲ್ಲಿ ಜಗಳವಿಲ್ಲದೆ ಮುಗಿದದ್ದು ರಾಷ್ಟ್ರಗೀತೆಯೊಂದೇ. ದೇಶದ ಅಧ್ಯಕ್ಷ ಪದವಿಗೆ ಒಂದೇ ಪಕ್ಷದ ಇಬ್ಬರು ಕಚ್ಚಾಡುತ್ತಿದ್ದರು. ಅವರಲ್ಲೊಬ್ಬರನ್ನು ಪಕ್ಷದ ಅಭ್ಯರ್ಥಿಯಾಗಿ ಆರಿಸುವ ರಾಷ್ಟ್ರೀಯ ಸಮಾವೇಶಕ್ಕೆ ಈ ಕೌಂಟಿಯಿಂದ ಹೋಗಬೇಕಾದ ಒಬ್ಬ ಪ್ರತಿನಿಧಿ ಆ ಇಬ್ಬರಲ್ಲಿ ಯಾರ ಕಡೆಯವರಾಗಬೇಕು ಎಂದು ಇಲ್ಲಿ ಇನ್ನೂರು ಮಂದಿ ಕಚ್ಚಾಡುತ್ತಿದ್ದರು. ಮರ್ಲ್ ಒಂದು ಬಣದ ಮುಖಂಡ, ಆರ್ಲಿಸ್ ಇನ್ನೊಂದರ ಮುಖಂಡಳು. ಮೂವತ್ತು ವರ್ಷ ಅಕ್ಕಪಕ್ಕದ ಮನೆಯಲ್ಲಿದ್ದವರು, ಈಚಿನ ಒಂದು ವರ್ಷದಿಂದ ಮೈಕು ಹಿಡಿದಾಗ ಮಾತ್ರ ಒಬ್ಬರೊಡನೊಬ್ಬರು ಮಾತಾಡುತ್ತಿದ್ದರು. ಇಬ್ಬರ ಕೈಯಲ್ಲೂ ಫೋನು. ಏಳಿ, ಕೂಗಿ, ಕೂರಿ ಎಂದು ಮರ್ಲ್‌ಗೆ ವಾಷಿಂಗ್ಟನ್ನಿನ ಸಲಹೆಗಾರನೊಬ್ಬ ನಿಮಿಷಕ್ಕೊಂದು ಸಂದೇಶ ಕಳಿಸುತ್ತಿದ್ದ. ಆರ್ಲಿಸ್‌ಗೂ ಅಂಥವನೊಬ್ಬನಿದ್ದ.

ಹಾಲಿನ ಹಿಂಬದಿಯಲ್ಲಿ ಕಾಫಿಯ ಮೇಜು. ಅಲ್ಲಿ ಸ್ಕೂಲ್ ಬಸ್ ಓಡಿಸುವ ಬರ್ನಡೀನ್ ಹಾಸ್ ಮೂವರು ಹೆಂಗಸರೊಡನೆ ಚೆರ್ರಿ ಪೈ ಕತ್ತರಿಸುತ್ತ ನಿಂತಿದ್ದಳು. ಆ ನಾಲ್ವರೂ ಪಕ್ಷದ ಸದಸ್ಯರೇ. ಪ್ರತಿ ಸಭೆಯಲ್ಲೂ ಎತ್ತಿದ ಕೈಗಳನ್ನು ಎಣಿಸುವುದು ಬರ್ನಡೀನಳ ಕೆಲಸ. ಇವತ್ತು ಯಾರೂ ಕೈ ಎತ್ತುವ ಹಂತಕ್ಕೇ ಬಂದಿರಲಿಲ್ಲ, ಬರೀ ಬೆರಳು ತೋರಿಸುತ್ತಿದ್ದರು.

ಹನ್ನೊಂದೂ ಮುಕ್ಕಾಲಿಗೆ ಎರಡು ಫೋನುಗಳೂ ಒಟ್ಟಿಗೇ ಗುರ್ ಎಂದವು. ಮರ್ಲ್ ಓದಿಕೊಂಡು, "ನಮ್ಮೋರೆಲ್ಲ ನಡೀರಿ ಹೊರಗೆ!" ಎಂದು ಎಡಗಡೆಯ ಬಾಗಿಲಿಗೆ ಧಾವಿಸಿದ. "ನಡೀರಿ ನಡೀರಿ, ಕೋಟು ಆಮೇಲೆ!" ಎನ್ನುತ್ತ ಆರ್ಲಿಸ್ ಬಲಗಡೆಯ ಬಾಗಿಲಿಗೆ ಓಡಿದಳು. ತನ್ನ ಬಣ ಎದ್ದುಹೋದರೆ ಸಭೆ ಮುರಿಯುತ್ತದೆಂಬ ನಂಬಿಕೆ ಇಬ್ಬರಿಗೂ. ನಿಮಿಷದೊಳಗೆ ಹಾಲು ಖಾಲಿ. ಎರಡು ಬಾಗಿಲೂ ತಾವಾಗಿಯೇ ಮುಚ್ಚಿಕೊಂಡವು. ಅವು ಒಳಗಿನಿಂದ ಮಾತ್ರ ತೆರೆಯುವಂಥವು.

ಸಭಾಪತಿ ಗೇಲಾರ್ಡ್ ಎಂಬತ್ತು ದಾಟಿದ ನಿವೃತ್ತ ಪಶುವೈದ್ಯ. ಕನ್ನಡಕ ಸರಿಮಾಡಿಕೊಂಡು ನೋಡಿದ.

"ಎಲ್ಲಿ ಹೋದ್ರು ಎಲ್ರೂ? ಊಟಕ್ಕಾ?"

"ಸಭಾತ್ಯಾಗ ಮಾಡಿದ್ರು," ಎಂದಳು ಬರ್ನಡೀನ್.

"ಯಾವ ಕಡೆಯೋರು?"

"ಎರಡೂ ಕಡೆಯೋರು."

ಗೇಲಾರ್ಡ್ ನಿಯಮದ ಪುಸ್ತಕ ತಿರುವಿದ. "ಹಾಜರಿರೋರಲ್ಲಿ ಯಾರಿಗೆ ಹೆಚ್ಚು ಕೈ ಬೀಳತ್ತೋ ಅವ್ರು ಅಂತಿದೆ. ಇಷ್ಟೇ ಜನ ಇರ್ಬೇಕು ಅಂತ ಎಲ್ಲೂ ಇಲ್ಲ. ಈಗ ಎಷ್ಟು ಜನ ಇದ್ದೀವಿ?"

"ಐದು. ಆ ಮೂಲೇಲಿ ನಿದ್ದೆ ಹೊಡೀತಿರೋ ಆರ್ವಿನ್‌ನ ಸೇರಿಸಿದ್ರೆ ಆರು."

"ಹಾಗಾದ್ರೆ ನಾನು ಬರ್ನಡೀನ್ ಹೆಸರು ಹೇಳ್ತೀನಿ," ಎಂದು ಮೇಜಿನ ಹೆಂಗಸೊಬ್ಬಳು ಚಾಕು ಹಿಡಿದ ಕೈಯನ್ನೇ ಎತ್ತಿದಳು. ಉಳಿದಿಬ್ಬರೂ ಕಿಸಕ್ಕನೆ ನಕ್ಕು ಕೈ ಎತ್ತಿದರು. ಆ ನಗುವಿಗೆ ಎಚ್ಚೆತ್ತ ಆರ್ವಿನ್ ಯಾವುದಕ್ಕೆಂದೂ ಕೇಳದೆ ತಾನೂ ಎತ್ತಿದ. ಬರ್ನಡೀನ್ ಅಭ್ಯಾಸಬಲದಿಂದ ಎಣಿಸತೊಡಗಿದಳು. ನಾಲ್ಕಕ್ಕೆ ಬಂದವಳು ಮತ್ತೆ ಮೊದಲಿನಿಂದ ಎಣಿಸಿದಳು.

ಹೊರಗೆ ಕಾರುಗಳ ನಡುವಿನ ಹಿಮದಲ್ಲಿ, ಕೋಟಿಲ್ಲದ ಇನ್ನೂರು ಮಂದಿ ಎರಡು ದಿಕ್ಕಿನಿಂದ ಬಂದು ಎದುರುಬದುರಾದರು.

"ನೀನ್ಯಾಕೆ ಹೊರಗೆ ಬಂದೆ?" ಎಂದಳು ಆರ್ಲಿಸ್.

"ನಾವು ಎದ್ದು ಬಂದ್ರೆ ಸಭೆ ನಿಂತುಹೋಗತ್ತೆ ಅಂದ್ರು. ನೀನು?"

"ನಂಗೂ ಹಾಗೇ ಅಂದ್ರು. ಎಲ್ಲಿ, ತೋರ್ಸು ನಿನ್ನ ಫೋನು."

ಎರಡು ಪರದೆಗಳಲ್ಲೂ ಒಂದೇ ಸಂದೇಶ: 'ಲಾರ್ಸನ್ ಕೌಂಟಿಯ ಧೀರರೇ, ಈಗಲೇ ಹೊರನಡೆಯಿರಿ!' ಬಂದ ನಂಬರೂ ಒಂದೇ.

"ಲಾರ್ಸನ್ನಾ?" ಎಂದ ಮರ್ಲ್. "ಒಂದು ವರ್ಷದಿಂದ ನಮ್ಮಿಬ್ಬರನ್ನೂ ಕುಣಿಸ್ತಿದಾನೆ, ಪಾಪಿ, ನಮ್ಮೂರ ಹೆಸರೂ ಗೊತ್ತಿಲ್ಲ ಇವನಿಗೆ!"

ಆರ್ಲಿಸ್‌ಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹಲ್ಲು ಕಟಕಟಿಸುತ್ತಿದ್ದುದರಿಂದ ಅದು ಕುದುರೆ ಕೆನೆದಂತೆ ಹೊರಟಿತು. ಅದನ್ನು ಕೇಳಿ ಮರ್ಲ್ ಹೊಟ್ಟೆ ಹಿಡಿದುಕೊಂಡು ಹಿಮದಲ್ಲೇ ಕುಕ್ಕರಿಸಿದ. ಸುದ್ದಿ ಹಿಂದಿನವರಿಗೆ ಮುಟ್ಟಿದಂತೆ ನಗುವೂ ಹಬ್ಬುತ್ತ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಹತ್ತು ಹನ್ನೆರಡು ಕೈಗಳ ಚಪ್ಪಾಳೆ ಕೇಳಿಸಿತು. ಎಲ್ಲರೂ ಒಮ್ಮೆಗೇ ಬಾಗಿಲಿಗೆ ಓಡಿದರು. ಇನ್ನೂರು ಮುಷ್ಟಿಗಳು ಡಬಡಬ ಬಡಿದವು.

ಬಾಗಿಲು ತೆರೆದವಳು ಬರ್ನಡೀನ್. "ಒಳಗೆ ಬನ್ನಿ, ಚಳಿ," ಎಂದಳು. "ವೋಟು ಮುಗೀತು. ಸಮಾವೇಶಕ್ಕೆ ನಾನು ಹೋಗ್ತಿದೀನಿ."

ಮರ್ಲ್ ಆರ್ಲಿಸಳ ಮುಖ ನೋಡಿದ, ಆರ್ಲಿಸ್ ಮರ್ಲ್‌ನ ಮುಖ ನೋಡಿದಳು. ಬರ್ನಡೀನ್ ಯಾರ ಬಣದವಳೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಅಲ್ಲ ಬರ್ನಡೀನ್," ಎಂದ ಮರ್ಲ್, ಮೀಸೆಯ ಮೇಲಿನ ಹಿಮ ಒರೆಸಿಕೊಳ್ಳುತ್ತ, "ಈ ದೇಶದ ವಿಚಾರದಲ್ಲಿ ನಿಂಗೆ ಏನನ್ಸತ್ತೆ?"

ಬರ್ನಡೀನಳ ಕೆನ್ನೆ ಕೆಂಪೇರಿತು. ಅವಳು ಏಪ್ರನ್ನು ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟಳು.

"ಇಪ್ಪತ್ತೆರಡು ವರ್ಷದಿಂದ ಈ ಪಕ್ಷದಲ್ಲಿದ್ದೀನಿ, ನೀವೇ ಮೊದ್ಲು ಕೇಳ್ತಿರೋದು," ಎಂದಳು. "ಎಲ್ರೂ ಕೂತ್ಕೊಳ್ಳಿ. ಸ್ವಲ್ಪ ಉದ್ದ ಇದೆ."